ಪೆಟ್ಟು ಇಲ್ಲಿ, ಸದ್ದು ಅಲ್ಲಿ

ವೇದಿಕೆಯ ಮೇಲೆ ರಬ್ಬರ್ ಹೊದಿಸಿದ ಎಂಟು ಚೌಕಗಳ ಒಂದು ಹಲಗೆ. ವಾದಕ ಎರಡು ಕೋಲು ಹಿಡಿದು ಬಾರಿಸಿದರೆ ಒಂದು ಚೌಕದಿಂದ ಡೋಲಕ್, ಇನ್ನೊಂದರಿಂದ ಘಟ, ಮತ್ತೊಂದರಿಂದ ಗಾಜು ಒಡೆದ ಸದ್ದು. ನಮ್ಮ ಊರುಗಳ ಆರ್ಕೆಸ್ಟ್ರಾಗಳಲ್ಲಿ ‘ರಿದಂ ಪ್ಯಾಡ್’ ಎನ್ನಿಸಿಕೊಂಡ ಈ ವಾದ್ಯವನ್ನು ನೋಡದವರು ಕಡಿಮೆ. ಆದರೆ ಸ್ಪೀಕರಿನ ತಂತಿ ಕಿತ್ತರೆ ಕೇಳುವುದು ರಬ್ಬರಿನ ಟಪಟಪ ಮಾತ್ರ. ಹಾಗಾದರೆ ಡೋಲಕ್ ಇರುವುದೆಲ್ಲಿ?

ಎಲೆಕ್ಟ್ರಾನಿಕ್ ಡ್ರಮ್ಮುಗಳ ಬಹುಪಾಲು ಪ್ಯಾಡುಗಳ ಅಡಿಯಲ್ಲಿ ನಾಣ್ಯದಂಥ ತೆಳು ಬಿಲ್ಲೆಯೊಂದಿರುತ್ತದೆ. ಪೆಟ್ಟು ಬಿದ್ದೊಡನೆ ಅದು ಚೂರು ವಿದ್ಯುತ್ತನ್ನು ಹುಟ್ಟಿಸುತ್ತದೆ. ಹರಳುಗಳ ಈ ಗುಣವನ್ನು ಕ್ಯೂರಿ ಸಹೋದರರು ಕಂಡದ್ದು 1880ರಲ್ಲಿ. ನೂರು ವರ್ಷಗಳ ತರುವಾಯ, 1981ರಲ್ಲಿ, ಇಂಗ್ಲೆಂಡಿನ ಸಿಮನ್ಸ್ ಕಂಪನಿಯ ಆರು ಮೂಲೆಯ ಪ್ಯಾಡುಗಳು ಬಂದವು. ಅವು ಎಷ್ಟು ಗಡುಸೆಂದರೆ ಬಾರಿಸಿದವರ ಮಣಿಕಟ್ಟು ನೋಯುತ್ತಿತ್ತು. ಅದಕ್ಕೂ ಒಂದು ವರ್ಷ ಮೊದಲೇ ಅಮೆರಿಕದ ರೋಜರ್ ಲಿನ್, ನಿಜವಾದ ಡ್ರಮ್ಮಿನ ಪೆಟ್ಟುಗಳನ್ನು ಧ್ವನಿಮುದ್ರಿಸಿ ಚಿಪ್ಪಿನಲ್ಲಿ ಅಡಗಿಸಿದ್ದ. ಹೀಗೆ ಕೂಡಿಟ್ಟ ಸದ್ದಿಗೆ ‘ಸ್ಯಾಂಪಲ್’ ಎಂದು ಹೆಸರು.

ಪೆಟ್ಟನ್ನೂ ಸ್ಯಾಂಪಲನ್ನೂ ಬೆಸೆಯಲು ಎಲ್ಲ ಯಂತ್ರಗಳಿಗೂ ತಿಳಿಯುವ ಒಂದು ಭಾಷೆ ಬೇಕಿತ್ತು. ಅದೇ ‘ಮಿಡಿ’. ಕನ್ನಡದ ಕಿವಿಗೆ ಇದು ನಾಡಿಯ ಮಿಡಿತವನ್ನೋ ಉಪ್ಪಿನಕಾಯಿಯ ಮಾವನ್ನೋ ನೆನಪಿಸಿದರೆ ತಪ್ಪಿಲ್ಲ. ಆದರೆ ಅದು ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರಗಳ ಕೂಟ. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮೇಳವೊಂದರಲ್ಲಿ ಡೇವ್ ಸ್ಮಿತ್ ಅವರ ಕಂಪನಿಯ ಸಿಂಥಸೈಸರಿಗೂ ಜಪಾನಿನ ರೋಲಾಂಡ್ ಕಂಪನಿಯದಕ್ಕೂ ತಂತಿ ಜೋಡಿಸಲಾಯಿತು. ಒಂದನ್ನು ನುಡಿಸಿದರೆ ಇನ್ನೊಂದು ಹಾಡಿತು. ವ್ಯಾಪಾರದಲ್ಲಿ ಎದುರಾಳಿಗಳಾದವರು ಒಂದೇ ಭಾಷೆಗೆ ಒಪ್ಪಿದ್ದೇ ದೊಡ್ಡ ಸಂಗತಿ. 1985ರಲ್ಲಿ ರೋಲಾಂಡ್ ತಂದ ಮೊದಲ ‘ಆಕ್ಟಪ್ಯಾಡ್’ನ ಹೊಟ್ಟೆಯಲ್ಲಿ ಸದ್ದೇ ಇರಲಿಲ್ಲ. ಅದರ ಕೆಲಸ ಸುದ್ದಿ ಮುಟ್ಟಿಸುವುದಷ್ಟೇ.

ಆ ಸುದ್ದಿಯಾದರೂ ಎಷ್ಟು? ಮೂರು ಅಂಕಿ. ಪೆಟ್ಟು ಬಿತ್ತು, ಯಾವ ಸ್ವರಸಂಖ್ಯೆ, ಒಂದರಿಂದ 127ರೊಳಗೆ ಎಷ್ಟು ಜೋರು. ಇದು ಸಾಗಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು. ಆ ಸಂಖ್ಯೆಗೆ ಯಾವ ಸದ್ದನ್ನು ಅಂಟಿಸಬೇಕೆಂಬುದು ಕಂಪ್ಯೂಟರಿನ ಮುಂದೆ ಕುಳಿತವರ ಇಷ್ಟ. ಜಾತ್ರೆಯಲ್ಲಿ ಹಿಡಿದು ತಂದ ಡೊಳ್ಳಾಗಬಹುದು, ಅಡುಗೆಮನೆಯ ತಪ್ಪಲೆಯೂ ಆಗಬಹುದು.

ಆದರೆ ಒಂದೇ ಪೆಟ್ಟನ್ನು ಮುದ್ರಿಸಿ ಕೂತರೆ ನಡೆಯದು. ಅದನ್ನೇ ಬೇಗಬೇಗ ಬಾರಿಸಿದರೆ ಮೆಷಿನ್‌ಗನ್ ಸಿಡಿದಂತೆ ಕೇಳುತ್ತದೆ. ಮನುಷ್ಯನ ಕೈ ಎರಡು ಸಲ ಒಂದೇ ರೀತಿ ಬೀಳುವುದಿಲ್ಲವಲ್ಲ! ಅದಕ್ಕಾಗಿ ಮೆಲ್ಲನೆಯದು, ನಡುವಿನದು, ಬಲವಾದದ್ದು ಎಂದು ಪದರ ಪದರವಾಗಿ, ಪ್ರತಿ ಪದರಕ್ಕೂ ನಾಲ್ಕಾರು ಪೆಟ್ಟು ಮುದ್ರಿಸಿ ಸರದಿಯಂತೆ ಬಿಡಬೇಕು. ತಡವೂ ಒಂದು ತೊಂದರೆ. ಕಂಪ್ಯೂಟರ್ ಸದ್ದನ್ನು ಬೊಗಸೆ ಬೊಗಸೆಯಾಗಿ ಸುರಿಯುತ್ತದೆ. ಸೆಕೆಂಡಿಗೆ 44,100 ಅಳತೆಗಳ ಸದ್ದಿನಲ್ಲಿ 1,024ರ ಬೊಗಸೆ ತುಂಬಲು ಸುಮಾರು 23 ಮಿಲಿಸೆಕೆಂಡು ಬೇಕು. ಡ್ರಮ್ಮು ಎಂಟು ಮೀಟರ್ ದೂರದಲ್ಲಿದ್ದಂತಾಯಿತು. ದ್ರುತದಲ್ಲಿ ಕೈ ಎಡವುತ್ತದೆ. ಬೊಗಸೆಯನ್ನು 128ಕ್ಕೆ ಇಳಿಸಿದರೆ ಮೂರು ಮಿಲಿಸೆಕೆಂಡು, ಆದರೆ ಬಡ ಕಂಪ್ಯೂಟರಿಗೆ ಏದುಸಿರು ಬಂದು ಸದ್ದು ಹರಿದುಹೋಗುತ್ತದೆ.

ಈ ತೊಡಕುಗಳಿಗೆ ಹಣ, ತಾಳ್ಮೆಗಳಿಂದ ಉತ್ತರ ಸಿಕ್ಕೀತು. ಸಿಗದಿರುವುದು ಬೇರೆ. ತಬಲದ ಬಾಯಾಂ ಮೇಲೆ ಪೆಟ್ಟು ಬಿದ್ದ ಮೇಲೂ ಅಂಗೈಯ ಬುಡ ಚರ್ಮವನ್ನು ಒತ್ತುತ್ತ ಜಾರುತ್ತದೆ, ನಾದ ಬಾಗುತ್ತದೆ. ಆ ಒತ್ತು ಒಂದು ಪೆಟ್ಟಿನ ಲೆಕ್ಕದಲ್ಲಿ ಬರುವುದೇ ಇಲ್ಲ. 2020ರಲ್ಲಿ ಬಂದ ‘ಮಿಡಿ 2.0’ ಜೋರಿನ ಮೆಟ್ಟಿಲುಗಳನ್ನು 65,536ಕ್ಕೆ ಏರಿಸಿತು, ನಾದ ಬಾಗಿಸುವ ಸೂಚನೆಗಳಿಗೂ ಜಾಗ ಮಾಡಿತು. ಆದರೂ ಅಂಗೈ ಜಾರಿದ್ದನ್ನು ಪ್ಯಾಡು ಮೊದಲು ಅರಿಯಬೇಕಷ್ಟೆ.

ಇನ್ನು ಡೊಳ್ಳಿನ ಸ್ಯಾಂಪಲ್. ಪ್ಯಾಡಿಗೆ ಬಡಿಯುವವನು ಯಾರೇ ಇರಲಿ, ಹೊಮ್ಮುವುದು ಎಂದೋ ಮೈಕಿನ ಮುಂದೆ ನಿಂತು ಬಾರಿಸಿದವನ ಪೆಟ್ಟು. ವೇದಿಕೆಯ ಸಂಭಾವನೆಯ ಪಟ್ಟಿಯಲ್ಲಿ ಅವನ ಹೆಸರಿರುವುದಿಲ್ಲ. ಆ ಕಡತಕ್ಕೆ ಹೆಸರಿಡುವಾಗಲೂ ಬರೆಯುವುದು ‘ಡೊಳ್ಳು 1’, ‘ಡೊಳ್ಳು 2’ ಎಂದೇ.