ಗುಡ್ಡ, ಗಾಲಿ ಮತ್ತು ಮಳೆಯ ನೀರು

(ಸವದತ್ತಿ ಭಾಗದ ಗುಡ್ಡದ ಹಳ್ಳಿಗಳ ರೈತರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ಸವದತ್ತಿಯ ಗುಡ್ಡಗಳಿಗೆ ದಾರಿಗಳು ಹೊಸತಲ್ಲ. ಹೊಸ್ತಿಲ ಹುಣ್ಣಿಮೆಯಿಂದ ಭಾರತ ಹುಣ್ಣಿಮೆಯವರೆಗೆ ಚಕ್ಕಡಿ ಹೂಡಿಕೊಂಡು, ಕಾಲ್ನಡಿಗೆಯಲ್ಲಿ ಬರುವ ಭಕ್ತರು ಜೋಗುಳಬಾವಿಯಲ್ಲಿ ಮಿಂದು ಯಲ್ಲಮ್ಮನ ಗುಡ್ಡವನ್ನು ಏರುತ್ತಾರೆ. ಕುರಿಗಾರರ ಹಿಂಡು, ಕಟ್ಟಿಗೆಯ ಹೊರೆ, ಪರಸಗಡದ ಕೋಟೆಗೆ ಹತ್ತಿಳಿದವರ ಕಾಲು, ಹೀಗೆ ಪ್ರತಿ ತಲೆಮಾರೂ ಈ ಕಲ್ಲುನೆಲದಲ್ಲಿ ತನ್ನ ಹೆಜ್ಜೆಯನ್ನು ಉಳಿಸಿಹೋಗಿದೆ. ಈಗ ನಾಡಿನ ಗುಡ್ಡದ ದಾರಿಗಳನ್ನು ಹೊಸದೊಂದು ಗಾಲಿ ಹುಡುಕಿಕೊಂಡು ಬರುತ್ತಿದೆ. ಅದು ಬೆಟ್ಟ ಹತ್ತಿ ಇಳಿಯಲೆಂದೇ ರೂಪಿಸಿದ, ದಪ್ಪ ಹಲ್ಲಿನ ಟೈರಿನ ಮೌಂಟೇನ್ ಬೈಕ್.

ಇದು ದೂರದ ಮಾತಲ್ಲ. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಜಿಲ್ಲೆಗಳು ಸೈಕಲ್ ಪಟುಗಳ ತವರೆನಿಸಿವೆ. 2022ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಷಿಪ್ ನೆರೆಯ ಗದಗದಲ್ಲಿಯೇ ನಡೆಯಿತು. ಇಂಥ ಕ್ರೀಡೆ ಸವದತ್ತಿಯ ಗುಡ್ಡಕ್ಕೂ ಬಂದರೆ ಊರವರು ಅದನ್ನು ಸ್ವಾಗತಿಸಬೇಕೇ, ತಡೆಯಬೇಕೇ? ಈ ಪ್ರಶ್ನೆಗೆ ಉತ್ತರವನ್ನು ಗಾಲಿಯಲ್ಲಿ ಹುಡುಕುವುದಕ್ಕಿಂತ ಮಳೆಯ ನೀರಿನಲ್ಲಿ ಹುಡುಕುವುದು ಲೇಸು.

ಕ್ರೀಡೆ ಹುಟ್ಟಿದ ಬೆಟ್ಟ

ಈ ಕ್ರೀಡೆ ಬೆಳೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಮರಿನ್ ಪ್ರಾಂತದಲ್ಲಿ, ಟಮಲ್ಪಾಯಿಸ್ ಎಂಬ ಬೆಟ್ಟದ ಆಸುಪಾಸಿನಲ್ಲಿ. ಅಲ್ಲಿನ ತರುಣರು ಹಳೆಯ ಭಾರದ ಸೈಕಲ್‌ಗಳನ್ನು ಬೆಟ್ಟಕ್ಕೆ ಒಯ್ದು, ಕಾಡಿನ ಮಣ್ಣುದಾರಿಯಲ್ಲಿ ಇಳಿಯುತ್ತಿದ್ದರು. 1976ರ ಅಕ್ಟೋಬರ್ 21ರಂದು ಫೇರ್‌ಫ್ಯಾಕ್ಸ್ ಊರಿನ ಬಳಿ ಮೊದಲ ಸ್ಪರ್ಧೆ ನಡೆಯಿತು. ಸುಮಾರು 3.4 ಕಿ.ಮೀ. ದೂರದಲ್ಲಿ ದಾರಿ ಸುಮಾರು 400 ಮೀಟರ್ ಕೆಳಕ್ಕೆ ಇಳಿಯುತ್ತಿತ್ತು. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕು ಕಾಯ್ದು, ಅದರೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ನಂತರ ಹೊಸ ಗ್ರೀಸನ್ನು ತುಂಬಬೇಕಾಗುತ್ತಿದ್ದುದರಿಂದ ಆ ದಾರಿಗೆ ‘ಮರುತುಂಬು’ ಎಂಬರ್ಥದ ‘ರಿಪ್ಯಾಕ್’ ಎಂಬ ಹೆಸರೇ ನಿಂತಿತು. ಇಪ್ಪತ್ತು ವರ್ಷಗಳಲ್ಲಿ, 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ, ಈ ಕ್ರೀಡೆಗೆ ಸ್ಥಾನ ದೊರೆಯಿತು.

ಆದರೆ ಹುಟ್ಟಿದ ಬೆಟ್ಟದಲ್ಲಿಯೇ ಅದಕ್ಕೆ ವಿರೋಧವೂ ಹುಟ್ಟಿತು. ನಡೆಯುವವರು ಹೆದರಿದರು, ಕುದುರೆಗಳು ಬೆದರಿದವು, ತಿರುವುಗಳಲ್ಲಿ ಮಣ್ಣು ಕಿತ್ತಿತು. ಕೊನೆಗೆ ಅಲ್ಲಿನ ಕಿರಿದಾದ ಕಾಲುದಾರಿಗಳು ಸೈಕಲ್‌ಗೆ ಮುಚ್ಚಿದವು. ಅಗಲದಾರಿಗಳಲ್ಲಿ ಗಂಟೆಗೆ 15 ಮೈಲಿ, ಎದುರು ಕಾಣದ ತಿರುವಿನಲ್ಲಿ 5 ಮೈಲಿ ಎಂಬ ಮಿತಿ ಬಂದಿತು. ಜಗಳವಾದ ಮೇಲೆ ನಿಯಮ ಮಾಡುವುದಕ್ಕಿಂತ ಮೊದಲೇ ಮಾಡುವುದು ಮೇಲು ಎಂಬುದು ಈ ಇತಿಹಾಸದ ಪಾಠ.

ದಾರಿಯನ್ನು ಕೊರೆಯುವವರು ಯಾರು?

ಗಾಲಿಯೇ ಗುಡ್ಡವನ್ನು ಕೆಡಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅಮೆರಿಕದ ಮಾಂಟಾನಾ ರಾಜ್ಯದ ಬೆಟ್ಟದ ದಾರಿಗಳಲ್ಲಿ ವಿಲ್ಸನ್ ಮತ್ತು ಸೆನಿ ಎಂಬ ಸಂಶೋಧಕರು ಕಾಲ್ನಡಿಗೆ, ಕುದುರೆ, ಮೋಟಾರ್‌ಸೈಕಲ್ ಹಾಗೂ ಸೈಕಲ್‌ಗಳ ಪರಿಣಾಮವನ್ನು ಹೋಲಿಸಿ 1994ರಲ್ಲಿ ವರದಿ ಪ್ರಕಟಿಸಿದರು. ಕೊಚ್ಚಿಹೋಗಲು ಸಿದ್ಧವಾಗುವಂತೆ ಮಣ್ಣನ್ನು ಸಡಿಲಿಸುವುದರಲ್ಲಿ ಗಾಲಿಗಿಂತ ಗೊರಸು ಮತ್ತು ಕಾಲು ಮುಂದಿದ್ದವು; ಅದರಲ್ಲಿಯೂ ಒದ್ದೆ ದಾರಿಯಲ್ಲಿ ಕುದುರೆಯ ಗೊರಸೇ ಹೆಚ್ಚು ಮಣ್ಣನ್ನು ಸಡಿಲಿಸಿತ್ತು. ಇದರಿಂದ ಗಾಲಿ ನಿರಪರಾಧಿ ಎಂದಾಗುವುದಿಲ್ಲ. ಇಳಿಜಾರಿನಲ್ಲಿ ಬ್ರೇಕು ಬಿಗಿದು ಹಿಂದಿನ ಗಾಲಿಯನ್ನು ಜಾರಿಸಿದಾಗ, ಉರುಳುವ ಗಾಲಿ ಎಳೆಯುವ ನೇಗಿಲಾಗುತ್ತದೆ. ಆ ಸಾಲು ಮುಂದಿನ ಮಳೆಗೆ ಕಾಲುವೆಯಾಗುತ್ತದೆ.

ಗುಡ್ಡದ ಮಣ್ಣನ್ನು ಒಯ್ಯುವುದು ನೀರು. ಕಾಲು, ಗೊರಸು, ಗಾಲಿ ಮೂರೂ ನೀರಿಗೆ ದಾರಿ ತೋರಿಸುವ ಕೆಲಸವನ್ನು ಮಾತ್ರ ಮಾಡುತ್ತವೆ. ಹರಿವಿನ ವೇಗ ಎರಡುಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ ಎಂಬುದು ಜಲವಿಜ್ಞಾನದ ಹಳೆಯ ಸೂತ್ರ. ನೇರ ಇಳಿಜಾರಿನ ದಾರಿ ಒಂದೆರಡು ಬಿರುಮಳೆಯಲ್ಲಿಯೇ ಕೊರಕಲಾಗುವುದು ಈ ಕಾರಣದಿಂದ.

ಸವದತ್ತಿಯ ಗುಡ್ಡಗಳು ಕಲಾದಗಿ ಶಿಲಾಸಮೂಹದ ಗಟ್ಟಿ ಮರಳುಗಲ್ಲಿನವು. ಮೇಲಿನ ಮಣ್ಣು ತೆಳು, ಗರಸು ಹೆಚ್ಚು. ಬಂದರಿಕೆ, ಕವಳಿಯ ಪೊದೆ ಮತ್ತು ಹುಲ್ಲಿನ ಬೇರು ಅದನ್ನು ಹಿಡಿದಿಟ್ಟಿವೆ. ವರ್ಷದ ಮಳೆ ಕಡಿಮೆಯಾದರೂ ಬಂದಾಗ ಬಿರುಸಾಗಿ ಬರುತ್ತದೆ. ಒಂದು ಲೆಕ್ಕ ಹಾಕಿ ನೋಡಬಹುದು. 500 ಮೀಟರ್ ಉದ್ದ, 60 ಸೆಂ.ಮೀ. ಅಗಲದ ದಾರಿಯೊಂದು 10 ಸೆಂ.ಮೀ. ಆಳ ಕೊರೆದರೆ 30 ಘನ ಮೀಟರ್, ಅಂದರೆ ಸುಮಾರು 45 ಟನ್ ಮಣ್ಣು ಹೋಯಿತು. ಮೂರು ಟನ್ನಿನಂತೆ ಹದಿನೈದು ಟ್ರ್ಯಾಕ್ಟರ್ ಟ್ರೇಲರ್! ಅದರ ಗರಸು ತಪ್ಪಲಿನ ಜೋಳದ ಹೊಲದಲ್ಲಿ ಹರಡುತ್ತದೆ. ಸಣ್ಣ ಮಣ್ಣು ಹಳ್ಳ ಹಿಡಿದು ಮಲಪ್ರಭೆಯ ಕಡೆಗೆ ಸಾಗುತ್ತದೆ. ಸವಾರ ಒಂದು ದಿನ ಬಂದು ಹೋಗುತ್ತಾನೆ. ನಷ್ಟವನ್ನು ತುಂಬಿಕೊಳ್ಳಬೇಕಾದವನು ಕೆಳಗಿನ ರೈತ.

ಒಡ್ಡಿನ ಪಾಠ

ಇದಕ್ಕೆ ಪರಿಹಾರ ಈ ಭಾಗದ ರೈತರಿಗೆ ತಿಳಿಯದ್ದಲ್ಲ. 1942ರಲ್ಲಿ ಅಂದಿನ ಮುಂಬಯಿ ಪ್ರಾಂತ ಭೂ ಸುಧಾರಣೆಯ ಕಾಯಿದೆಯನ್ನು ತಂದ ಮೇಲೆ ಬೆಳಗಾವಿ, ಧಾರವಾಡ, ವಿಜಯಪುರ ಭಾಗಗಳ ಹೊಲಗಳಲ್ಲಿ ಸಮಪಾತಳಿ ಒಡ್ಡುಗಳ ಕೆಲಸ ವ್ಯಾಪಕವಾಗಿ ನಡೆಯಿತು. ಇಳಿಜಾರಿಗೆ ಅಡ್ಡಲಾಗಿ ಸಾಗು, ನೀರನ್ನು ಓಡಲು ಬಿಡಬೇಡ, ನಡೆಸಿಕೊಂಡು ಹೋಗು ಎಂಬುದೇ ಒಡ್ಡಿನ ತತ್ತ್ವ. ಗುಡ್ಡದ ಉತ್ತಮ ಸೈಕಲ್ ದಾರಿಯ ತತ್ತ್ವವೂ ಇದೇ ಆಗಿದೆ.

ದಾರಿ ನಿರ್ಮಿಸುವವರಲ್ಲಿ ‘ಅರ್ಧದ ನಿಯಮ’ ಎಂಬುದೊಂದಿದೆ. ಗುಡ್ಡದ ಇಳಿಜಾರು ನೂರಕ್ಕೆ 30 ಇದ್ದರೆ ದಾರಿಯ ಇಳಿಜಾರು 15ನ್ನು ಮೀರಬಾರದು. ಒಟ್ಟು ದಾರಿಯ ಸರಾಸರಿ 10ರ ಆಸುಪಾಸಿನಲ್ಲಿರಬೇಕು. ದಾರಿಯ ಹೊರ ಅಂಚು ತುಸು ತಗ್ಗಿರಬೇಕು. ಅಲ್ಲಲ್ಲಿ ಸಣ್ಣ ತಗ್ಗು-ಉಬ್ಬು ಮಾಡಿ ನೀರು ಪಕ್ಕದ ಹುಲ್ಲಿಗೆ ಸರಿಯುವಂತೆ ಬಿಡಬೇಕು.

ವಿದ್ಯಾರ್ಥಿಗಳು ಇದನ್ನು ತಾವೇ ಅಳೆಯಬಹುದು. ಒಂದು ಮೀಟರ್ ಉದ್ದದ ನೇರ ಕೋಲಿನ ಒಂದು ತುದಿಯನ್ನು ದಾರಿಯ ಮೇಲ್ಭಾಗದಲ್ಲಿ ಊರಿ, ಕೋಲನ್ನು ಮಟ್ಟಸವಾಗಿ ಹಿಡಿದು, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಎಂದು ನೋಡಿದರೆ ಅದೇ ನೂರಕ್ಕೆ ಇಳಿಜಾರು. ಒಂದು ಮಳೆಗಾಲದ ಮೊದಲು ಮತ್ತು ನಂತರ ಅದೇ ಜಾಗದಲ್ಲಿ ದಾರಿಯ ಆಳವನ್ನು ಅಳೆದು ಬರೆದಿಟ್ಟರೆ, ಅದು ಊರಿನ ಸ್ವಂತ ದಾಖಲೆಯಾಗುತ್ತದೆ. ವಾದಕ್ಕಿಂತ ಅಂಥ ದಾಖಲೆಗೆ ಬಲ ಹೆಚ್ಚು.

ಇಳಿಯುವವನ ಹೊಣೆ

ಇನ್ನು ಮನುಷ್ಯರ ಮಾತು. ಗಂಟೆಗೆ 18 ಕಿ.ಮೀ. ವೇಗದಿಂದ 36 ಕಿ.ಮೀ.ಗೆ ಏರಿದರೆ ವೇಗ ಎರಡುಪಟ್ಟು, ಆದರೆ ಬ್ರೇಕು ಹಿಡಿದ ಮೇಲೆ ಉರುಳುವ ದೂರ ನಾಲ್ಕುಪಟ್ಟು. ಸಡಿಲ ಗರಸಿನ ಇಳಿಜಾರಿನಲ್ಲಿ ಅದು ಇನ್ನೂ ಹೆಚ್ಚು. ತಿರುವಿನ ಆಚೆ ಬರಿಗಾಲಿನಲ್ಲಿ ತಲೆಯ ಮೇಲೆ ಜಗ ಹೊತ್ತು ಬರುತ್ತಿರುವ ತಾಯಿಯೊಬ್ಬಳಿಗೆ, ಮರಿಗಳನ್ನು ಅಟ್ಟಿಕೊಂಡು ಬರುವ ಕುರಿಗಾರನಿಗೆ ಸರಿದು ನಿಲ್ಲಲು ಎಡೆಯಿರುವುದಿಲ್ಲ. ಆದ್ದರಿಂದ ಇಳಿಯುವವನು ಏರುವವನಿಗೆ, ಗಾಲಿಯವನು ಕಾಲಿನವನಿಗೆ ದಾರಿ ಬಿಡಬೇಕು. ಇದು ಜಗತ್ತಿನ ಬೆಟ್ಟದ ದಾರಿಗಳಲ್ಲಿ ರೂಢಿಯಲ್ಲಿರುವ ಮರ್ಯಾದೆ.

ಹಳ್ಳಿಯ ಮಕ್ಕಳಿಗೂ ಒಂದು ಎಚ್ಚರಿಕೆ ಅಗತ್ಯ. 2006-07ರಿಂದ ಹಲವು ವರ್ಷ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್‌ಗಳು ಅನೇಕ ಮನೆಗಳಲ್ಲಿ ಇಂದಿಗೂ ಇವೆ. ಅವು ಶಾಲೆಯ ದಾರಿಗೆಂದು ಕೊಟ್ಟವು. ಪಟುಗಳನ್ನು ಕಂಡು ಹುರುಪಿನಿಂದ ಅದೇ ಸೈಕಲ್ಲನ್ನು ಕಡಿದಾದ ಗುಡ್ಡದಿಂದ ಬಿಟ್ಟರೆ ಅದರ ಬ್ರೇಕು ಆ ಭಾರವನ್ನು ತಡೆಯದು. ಹುರುಪಿರುವ ಮಕ್ಕಳಿಗೆ ತಲೆಗವಚ, ತಕ್ಕ ಸೈಕಲ್ ಮತ್ತು ಕಲಿಸುವವರು ದೊರೆಯಬೇಕು. ಗುಡ್ಡದ ಊರಿನ ಮಗು ಪ್ರೇಕ್ಷಕನಾಗಿ ನಿಂತು, ಪಟ್ಟಣದವರು ಮಾತ್ರ ಗುಡ್ಡದ ಸುಖವನ್ನು ಉಣ್ಣುವುದು ನ್ಯಾಯವಲ್ಲ.

ಊರು ಕೇಳಬೇಕಾದ ಮಾತುಗಳು

ಯಾರಾದರೂ ಗುಡ್ಡದಲ್ಲಿ ಸೈಕಲ್ ದಾರಿಯನ್ನೋ ಸ್ಪರ್ಧೆಯನ್ನೋ ತರುವುದಾದರೆ ಗ್ರಾಮಸಭೆ ಕೆಲವು ಪ್ರಶ್ನೆಗಳನ್ನು ಮುಂದಿಡಲಿ. ನೆಲ ಅರಣ್ಯ ಇಲಾಖೆಯದಾದರೆ ಅನುಮತಿ ಎಲ್ಲಿ? ದಾರಿ ಇಳಿಜಾರಿಗೆ ಅಡ್ಡಲಾಗಿದೆಯೇ, ನೇರವಾಗಿದೆಯೇ? ಅದರ ನೀರು ಯಾರ ಹೊಲಕ್ಕೆ ಇಳಿಯುತ್ತದೆ? ಜಾತ್ರೆಯ ದಿನಗಳಲ್ಲಿ, ಮಳೆ ಬಿದ್ದು ನೆಲ ಆರುವವರೆಗೆ, ದಾರಿ ಮುಚ್ಚಿರುತ್ತದೆಯೇ? ಬಂದ ಹಣದಲ್ಲಿ ದಾರಿಯ ದುರಸ್ತಿಗೆ ಎಷ್ಟು ಪಾಲು? 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿ ಈ ಚರ್ಚೆಯಲ್ಲಿ ಕುಳಿತಿದೆಯೇ?

ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಕ್ಕರೆ ಸೈಕಲ್ ಗುಡ್ಡದ ಶತ್ರುವಲ್ಲ. ಹೊಗೆಯಿಲ್ಲದೆ, ಸದ್ದಿಲ್ಲದೆ, ತನ್ನ ಬೆವರಿನಿಂದ ಗುಡ್ಡ ಹತ್ತುವವನು ಮೋಟಾರು ಹತ್ತಿಸುವವನಿಗಿಂತ ಎಷ್ಟೋ ಮೇಲು. ಉತ್ತರ ಸಿಗದಿದ್ದರೆ ಊರು ‘ಬೇಡ’ ಎನ್ನಲು ಹಿಂಜರಿಯಬೇಕಾಗಿಲ್ಲ.

ಹೊಲದ ಒಡ್ಡು ಒಡೆದರೆ ರೈತ ಮರುದಿನ ಮುಂಜಾನೆಯೇ ಸಲಿಕೆ ಹಿಡಿದು ಹೊರಡುತ್ತಾನೆ. ಗುಡ್ಡದ ದಾರಿ ಒಡೆದಾಗ ಸಲಿಕೆ ಹಿಡಿಯುವವರು ಯಾರು ಎಂಬುದನ್ನು ಮೊದಲು ಗೊತ್ತುಪಡಿಸಿಕೊಳ್ಳಲಿ. ಗಾಲಿ ಆಮೇಲೆ ಉರುಳಲಿ.