ಕೈ ಬಿಗಿಹಿಡಿದ ಕಾಲ
(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ನಾನು ಘಟ್ಟದ ಕೆಳಗಿನ ಕೆಮ್ಮಣ್ಣೆಂಬ ಗ್ರಾಮದಿಂದ ಬಂದ ಸಾಮಾನ್ಯನು. ನಾನು ಶಾಸ್ತ್ರವನ್ನು ಬಲ್ಲವನಲ್ಲ. ಲೆಕ್ಕದ ಪುಸ್ತಕಗಳ ನಡುವೆ ಆಯುಷ್ಯವನ್ನು ಕಳೆದು ನಿವೃತ್ತನಾದವನು. ಆದುದರಿಂದ ಲೆಕ್ಕದ ಮಾತನ್ನೇ ಆಡುವೆನು. ಅದರಲ್ಲಿ ನನ್ನದೇ ಒಂದು ತಪ್ಪಿನ ಲೆಕ್ಕವೂ ಸೇರಿದೆ.

ಕೆಮ್ಮಣ್ಣು ಉಡುಪಿಗೆ ಸಮೀಪ, ಸ್ವರ್ಣಾ ನದಿಯ ದಂಡೆಯಲ್ಲಿರುವ ಊರು. ನದಿಯ ನಡುವೆ ಕುದ್ರುಗಳು. ತಿಮ್ಮಣ್ಣ ಕುದ್ರುವಿಗೆ ಹೋಗುವವರು ತೂಗುಸೇತುವೆಯ ಮೇಲೆ ಹಾದುಹೋಗಬೇಕು. ಭತ್ತ, ತೆಂಗು, ಮೀನು ಇವು ಊರಿನ ಹಳೆಯ ಆಸರೆಗಳು. ಆದರೆ ನಿಜವನ್ನಾಡುವುದಾದರೆ, ನಮ್ಮ ಕಡೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಮುಂಬಯಿಯ ಹೋಟೆಲುಗಳಿಂದಲೂ ಕೊಲ್ಲಿಯ ದೇಶಗಳಿಂದಲೂ ಬರುವ ಹಣದಿಂದ. 2020ನೆಯ ಇಸವಿ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿದಾಗ ಈ ಆಸರೆಗಳೆಲ್ಲವೂ ಒಟ್ಟಿಗೆ ಅಲುಗಿದುವು. ಮಳೆಗಾಲದಲ್ಲಿ ದೊಡ್ಡ ದೋಣಿಗಳು ದಡ ಸೇರುವುದು ಪ್ರತಿವರ್ಷದ ಕಟ್ಟಳೆ. ಆ ವರ್ಷ ಬೇಸಗೆಯಲ್ಲಿಯೇ ಮಲ್ಪೆಯ ಬಂದರು ಮೌನವಾಯಿತು. ಮೇ ತಿಂಗಳಲ್ಲಿ ಮುಂಬಯಿಯಿಂದ ಜನರು ಊರಿಗೆ ಹಿಂದಿರುಗತೊಡಗಿದರು. ಮುಂಚೆ ಹಣವನ್ನು ಕಳುಹಿಸುತ್ತಿದ್ದವರು ಈಗ ಉಣ್ಣುವವರಾಗಿ ಬಂದರು. ಬಂದವರನ್ನು ನೆರೆಹೊರೆಯವರು ಭಯದಿಂದ ನೋಡಿದರು; ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಸಂಪಾದನೆ ನಿಂತವನು ಕೈ ಬಿಗಿಹಿಡಿಯುವುದು ಸಹಜವೇ ಸರಿ. ಆತನನ್ನು ಯಾರೂ ದೂರಲಾರರು. ನನಗೆ ವಿಚಿತ್ರವಾಗಿ ಕಂಡದ್ದು ಬೇರೆ. ನಮ್ಮೂರಿನ ಅಂಗಡಿಕಾರರೊಬ್ಬರು ಒಂದು ಸಂಜೆ ನನ್ನೊಡನೆ, ಇಲ್ಲದವರು ಅರ್ಧ ಕೊಳ್ಳುತ್ತಾರೆ, ಅದು ನನಗೆ ತಿಳಿಯುತ್ತದೆ. ಇದ್ದವರೂ ಅರ್ಧವನ್ನೇ ಕೊಳ್ಳುತ್ತಾರೆ, ಅದೇಕೆಂದು ತಿಳಿಯದು ಎಂದರು. ನಾನು ಉತ್ತರ ಕೊಡಲಿಲ್ಲ. ಏಕೆಂದರೆ ಆ ಇದ್ದವರಲ್ಲಿ ನಾನೂ ಒಬ್ಬನು.

ನನ್ನ ಪಿಂಚಣಿಯಲ್ಲಿ ಒಂದು ಪೈಸೆಯೂ ಕಡಿಮೆಯಾಗಿರಲಿಲ್ಲ. ಆದರೂ ಮಳೆಗೆ ಮೊದಲು ಆಗಬೇಕಾಗಿದ್ದ ಹಂಚಿನ ಮಾಡಿನ ಕೆಲಸವನ್ನು ಮುಂದಿನ ವರ್ಷ ನೋಡೋಣವೆಂದು ನಿಲ್ಲಿಸಿದೆನು. ವರ್ಷವೂ ಬರುತ್ತಿದ್ದ ಕೆಲಸಗಾರನು ಅಂಗಳದಲ್ಲಿ ದೂರವಾಗಿ ನಿಂತು ಎರಡು ಸಲ ಕೇಳಿದನು. ಎರಡು ಸಲವೂ ಕಾಲ ಚೆನ್ನಾಗಿಲ್ಲವೆಂದು ಹೇಳಿ ಕಳುಹಿಸಿದೆನು. ಕಾಲ ಚೆನ್ನಾಗಿರಲಿಲ್ಲ, ನಿಜ. ಆದರೆ ಚೆನ್ನಾಗಿರದೆ ಹೋದದ್ದು ಆತನ ಪಾಲಿಗೆ, ನನ್ನ ಪಾಲಿಗಲ್ಲ. ಆತನಿಗೆ ಕೂಲಿಯಿಲ್ಲವಾದುದರಿಂದ ಅಂಗಡಿಯಲ್ಲಿ ಸಾಲ ಬೆಳೆಯಿತು. ಸಾಲ ಬೆಳೆದುದರಿಂದ ಅಂಗಡಿಕಾರರು ಸರಕನ್ನು ತರಿಸುವುದನ್ನು ಕುಗ್ಗಿಸಿದರು. ನನ್ನ ಪೆಟ್ಟಿಗೆಯಲ್ಲಿ ಹಣವು ಬೆಚ್ಚಗೆ ಮಲಗಿತ್ತು, ಮಾಡು ಸೋರುತ್ತಲೇ ಇತ್ತು.

ಈ ಅಂಜಿಕೆಯನ್ನು ಅಳೆಯುವ ಕ್ರಮವೊಂದಿದೆ. ಭಾರತೀಯ ರಿಸರ್ವ್ ಬ್ಯಾಂಕಿನವರು ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳ ಮನೆಮನೆಗಳಲ್ಲಿ ಸಂಪಾದನೆ ಹೇಗಿದೆ, ಕೆಲಸ ಹೇಗಿದೆ, ಬೆಲೆ ಹೇಗಿದೆ, ಖರ್ಚು ಹೇಗಿದೆ ಎಂದು ಕೇಳಿ, ಉತ್ತರಗಳನ್ನು ಒಂದು ಅಂಕಿಗೆ ಇಳಿಸುವರು. ನೂರಕ್ಕೆ ಮೇಲಿದ್ದರೆ ಜನರಲ್ಲಿ ಭರವಸೆಯುಂಟು, ಕೆಳಗಿದ್ದರೆ ಇಲ್ಲವೆಂದು ಅರ್ಥ. 2021ರ ಮೇ ತಿಂಗಳಲ್ಲಿ ಆಗಿನ ಸ್ಥಿತಿಯನ್ನು ಕುರಿತ ಆ ಅಂಕಿಯು 48.5ಕ್ಕೆ ಇಳಿಯಿತು, ಅಷ್ಟು ಕೆಳಗೆ ಅದು ಹಿಂದೆಂದೂ ಇಳಿದಿರಲಿಲ್ಲ. ಕೆಮ್ಮಣ್ಣಿಗೆ ಬಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ನಾನು ಕೊಡುತ್ತಿದ್ದ ಉತ್ತರವೂ ಅದೇ.

ಇಂತಹ ದುರ್ದಿನವು ನಮ್ಮ ಸೀಮೆಗೆ ಹೊಸದಲ್ಲ. ಸುಮಾರು ನೂರು ವರ್ಷಗಳ ಹಿಂದೆ ಕೈಮಗ್ಗದ ಕಸಬು ಕುಸಿದು, ಉಡುಪಿಯ ಸುತ್ತಣ ನೇಕಾರರು ಕಂಗೆಟ್ಟರು. ಆಗ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಈ ಮೂವರು ಸೇರಿ 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ಮೂಲಧನ ಎಂಟು ಸಾವಿರ ರೂಪಾಯಿ. ಅದಕ್ಕೂ ಮೊದಲು, 1906ರಲ್ಲಿ, ಅದೇ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಐದು ಸಾವಿರ ರೂಪಾಯಿಯ ಮೂಲಧನದಿಂದ ಒಂದು ಬ್ಯಾಂಕನ್ನು ಆರಂಭಿಸಿದ್ದರು. ಮೊದಲ ದಿನದ ಕೊನೆಗೆ ಅಲ್ಲಿ ಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ ಮಾತ್ರ. ನಗಬೇಡಿರಿ. ಪರರ ಕೈಗೆ ಹಣವನ್ನು ಕೊಟ್ಟು ನಿಶ್ಚಿಂತೆಯಿಂದ ನಿದ್ರಿಸುವ ಅಭ್ಯಾಸವಿಲ್ಲದ ಕಾಲವದು.

1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಠೇವಣಿಯನ್ನು ತೆಗೆದರು. ಬ್ಯಾಂಕಿನ ಮನುಷ್ಯನೇ ದಿನಂಪ್ರತಿ ಬಾಗಿಲಿಗೆ ಬಂದು ಎರಡಾಣೆಯನ್ನು ಪಡೆದು ಬರೆದುಕೊಂಡು ಹೋಗುವನು. ತಿಂಗಳಿಗೆ ಮೂರು ರೂಪಾಯಿ ಹನ್ನೆರಡಾಣೆ. ವರ್ಷಕ್ಕೆ ನಲವತ್ತೈದು ರೂಪಾಯಿ ಹತ್ತಾಣೆ. ಇದನ್ನು ಉಳಿತಾಯದ ಪಾಠವೆಂದು ಎಲ್ಲರೂ ಹೊಗಳುವರು. ನಾನು ಅದಕ್ಕಿಂತ ಹೆಚ್ಚಾಗಿ ಆ ಬಾಗಿಲಿನ ಭೇಟಿಯನ್ನು ಹೊಗಳುವೆನು. ಕೆಟ್ಟ ಕಾಲದಲ್ಲಿಯೂ ಒಬ್ಬನು ನಾಳೆ ಬರುವೆನೆಂದು ಹೇಳಿ, ಮರುದಿನ ನಿಶ್ಚಯವಾಗಿ ಬಂದನಲ್ಲವೇ? ಮತ್ತೊಂದನ್ನು ಗಮನಿಸಬೇಕು: ಆ ಎರಡಾಣೆಯು ನನ್ನ ಹಣದಂತೆ ಪೆಟ್ಟಿಗೆಯಲ್ಲಿ ಮಲಗಲಿಲ್ಲ. ಸಾಲವಾಗಿ ಹೊರಟು ಮತ್ತೊಬ್ಬನ ಕಸುಬಿಗೆ ಒದಗಿತು.

ಆ ಎರಡು ಹೆಸರುಗಳೂ ಈಗ ಇಲ್ಲ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಹಾಜಿಯವರ ಬ್ಯಾಂಕು, ಅಂದರೆ ಮುಂದೆ ಕಾರ್ಪೊರೇಷನ್ ಬ್ಯಾಂಕೆನಿಸಿದ್ದು, ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದುವು. ದೇಶವು ಬಾಗಿಲು ಹಾಕಿ ಆಗ ಒಂದು ವಾರವಷ್ಟೇ. ಉಡುಪಿಯವರಿಗೆ ಹೊರಗೆ ಬಂದು ಆ ಹಲಗೆಗಳನ್ನು ಕೊನೆಯ ಸಲ ನೋಡುವುದಕ್ಕೂ ಆಗಲಿಲ್ಲ.

ಶರಣರೇ, ಕಾಯಕ, ದಾಸೋಹ ಎಂಬ ಎರಡು ಮಾತುಗಳನ್ನು ನಿಮಗೆ ನಾನು ವಿವರಿಸಹೊರಡುವುದು ಉದ್ಧಟತನವಾದೀತು. ಲೆಕ್ಕಿಗನ ಕಣ್ಣಿಗೆ ಕಂಡುದನ್ನು ಮಾತ್ರ ಅರಿಕೆ ಮಾಡುವೆನು. ಒಬ್ಬನ ಕಾಯಕವು ನಡೆಯಬೇಕಾದರೆ ಇನ್ನೊಬ್ಬನು ಆತನಿಗೆ ಕೆಲಸವನ್ನು ಕೊಡಬೇಕು. ಕೆಲಸವನ್ನು ನಿಲ್ಲಿಸಿ, ಆಮೇಲೆ ಆತನನ್ನೇ ಪಂಕ್ತಿಯಲ್ಲಿ ಕುಳ್ಳಿರಿಸಿ ಅನ್ನವಿಕ್ಕಿದರೆ ಹೊಟ್ಟೆಯೇನೋ ತುಂಬೀತು; ಆದರೆ ಆತನು ತಲೆಯೆತ್ತಿ ಉಣ್ಣುವನೇ? ಕಷ್ಟಕಾಲದಲ್ಲಿ ಎಲ್ಲರೂ ದುಂದು ಮಾಡಿರೆಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ ಕೊಳ್ಳಿರೆಂದಂತೂ ಹೇಳಲಾರೆನು. ಸಂಬಳ ನಿಲ್ಲದವರು, ಬಾಡಿಗೆ ಬರುತ್ತಿರುವವರು, ಹೇಗಿದ್ದರೂ ಮಾಡಿಸಲೇಬೇಕಾದ ಕೆಲಸವನ್ನು ಆಗಲೇ ಮಾಡಿಸಿರಿ. ಕೂಲಿಯನ್ನು ಆ ಸಂಜೆಯೇ ಕೊಡಿರಿ. ಅಂಗಡಿಯ ಹಳೆಯ ಬಾಕಿಯನ್ನು ತೀರಿಸಿರಿ.

ನನ್ನ ಮಾಡಿನ ಕೆಲಸವು ಎರಡು ಮಳೆಗಾಲಗಳ ತರುವಾಯ ಆಯಿತು. ಜಂತಿಗಳು ಕುಂಬಾಗಿದ್ದುದರಿಂದ ಖರ್ಚು ಇಮ್ಮಡಿಯಾಯಿತು. ಹಳೆಯ ಕೆಲಸಗಾರನಿಗೆ ಹೇಳಿ ಕಳುಹಿಸಿದೆನು. ಆತನು ಆ ಕಸುಬನ್ನು ಬಿಟ್ಟು ಬೇರೆ ಊರಿಗೆ ಹೋಗಿದ್ದನು. ಬಂದವನು ಬೇರೊಬ್ಬನು.

ಈ ಮಹೋತ್ಸವಕ್ಕಾಗಿ ಚಪ್ಪರ ಹಾಕಿದವರು, ಎಲೆ ತಂದವರು, ಪಾತ್ರೆ ತೊಳೆದವರು ಬಹಳ ಮಂದಿ ಹೊರಗಿದ್ದಾರೆ. ಇಂದಿನ ಪ್ರಸಾದಕ್ಕೆ ಮೊದಲೇ ಅವರೆಲ್ಲರ ಲೆಕ್ಕವನ್ನು ತೀರಿಸಬಹುದೇ ಎಂದು ನಿನ್ನೆ ರಾತ್ರಿ ಶ್ರೀಗಳವರನ್ನು ಕೇಳಿಕೊಂಡೆನು, ಅಪ್ಪಣೆಯಾಗಿದೆ. ಪಟ್ಟಿಯು ನನ್ನ ಕೈಯಲ್ಲಿದೆ. ನಾನು ಈಗ ಕಚೇರಿಯ ಜಗಲಿಗೆ ಹೋಗಿ ಕುಳಿತುಕೊಳ್ಳುವೆನು. ಅವರನ್ನು ಅಲ್ಲಿಗೆ ಕಳುಹಿಸಿಕೊಡಬೇಕಾಗಿ ಬೇಡುತ್ತೇನೆ.