ಸಭೆಯ ಹೆಸರು ಮತ್ತು ಸಭಿಕರ ಹಕ್ಕು

(ಭಾಷಣದ ಪಠ್ಯ)



ಗೋಡೆಗೆ ಅಂಟಿಸಿದ ಕರೆಯೋಲೆಯನ್ನಾಗಲಿ, ಪತ್ರಿಕೆಯಲ್ಲಿ ಅಚ್ಚಾದ ಪ್ರಕಟಣೆಯನ್ನಾಗಲಿ ಓದುವವರು ಮೊದಲು ಹುಡುಕುವುದು ದಿನಾಂಕ, ವೇಳೆ ಮತ್ತು ಸ್ಥಳಗಳನ್ನು. ಅವುಗಳ ಮೇಲೆ ದಪ್ಪಕ್ಷರದಲ್ಲಿರುವ ಸಭೆಯ ಹೆಸರನ್ನು ಗಮನಿಸುವವರು ವಿರಳ. ವಾಸ್ತವವಾಗಿ ಆ ಹೆಸರೇ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ತಿಳಿಸುತ್ತದೆ. ನೆರೆದವರು ಕೇಳಿ ಮರಳತಕ್ಕವರೇ, ಮಾತನಾಡಬಹುದಾದವರೇ ಅಥವಾ ತೀರ್ಮಾನ ಕೈಗೊಳ್ಳುವ ಅಧಿಕಾರವುಳ್ಳವರೇ ಎಂಬುದು ಆ ಹೆಸರಿನಲ್ಲಿಯೇ ಅಡಗಿರುತ್ತದೆ.

ಈ ಬಗೆಯ ಪದಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. 'ಗೋಷ್ಠಿ'ಯ ಮೂಲದಲ್ಲಿರುವುದು ದನಗಳು ನಿಲ್ಲುವ ಕೊಟ್ಟಿಗೆ ಎಂಬ ಅರ್ಥದ 'ಗೋಷ್ಠ'. ಈಗ ಅಲ್ಲಿ ಕವಿಗಳೂ ವಿದ್ವಾಂಸರೂ ಆಸೀನರಾಗುತ್ತಾರೆ. ಅದರಿಂದ ಯಾರಿಗೂ ಬೇಸರವಾದಂತೆ ಕಾಣುವುದಿಲ್ಲ. 'ಕಮ್ಮಟ'ವೆಂದರೆ ಹಿಂದೆ ನಾಣ್ಯಗಳನ್ನು ಅಚ್ಚುಹಾಕುವ ಟಂಕಸಾಲೆ. ಇಂದು ಎಳೆಯ ಬರಹಗಾರರನ್ನು ತಿದ್ದುವ ಶಿಬಿರ. 'ಸಮ್ಮೇಳನ'ವು ದೂರದೂರದವರು ಒಂದೆಡೆ ಕೂಡುವ ಸಂದರ್ಭ. 1951ರಲ್ಲಿ ಎಂ. ಗೋವಿಂದ ಪೈ ಅವರ ಅಧ್ಯಕ್ಷತೆಯಲ್ಲಿ ಮುಂಬಯಿಯಲ್ಲಿಯೂ, 1978ರಲ್ಲಿ ಜಿ.ಪಿ. ರಾಜರತ್ನಂ ಅವರ ಅಧ್ಯಕ್ಷತೆಯಲ್ಲಿ ದೆಹಲಿಯಲ್ಲಿಯೂ ಕನ್ನಡ ಸಾಹಿತ್ಯ ಸಮ್ಮೇಳನಗಳು ಜರುಗಿದವು. ಸಮ್ಮೇಳನಗಳಲ್ಲಿಯೂ ನಿರ್ಣಯಗಳು ಅಂಗೀಕಾರವಾಗುತ್ತವೆ. ಆದರೆ ಅವು ಸರ್ಕಾರಕ್ಕೆ ಸಲ್ಲಿಸುವ ಒತ್ತಾಯಗಳೇ ಹೊರತು ಆದೇಶಗಳಲ್ಲ.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಇನ್ನೊಂದು ತೊಡಕೂ ಉಂಟು. ಅದೇ ಸಂಸ್ಕೃತ ಶಬ್ದ ನೆರೆಯ ಭಾಷೆಯಲ್ಲಿ ಬೇರೆಯೇ ಅರ್ಥದಲ್ಲಿ ಬಳಕೆಯಾಗುತ್ತದೆ. ಕನ್ನಡದ 'ಪತ್ರಿಕಾಗೋಷ್ಠಿ' ಮರಾಠಿಯಲ್ಲಿ 'ಪತ್ರಕಾರ ಪರಿಷದ್'. ಅಲ್ಲಿ 'ಗೋಷ್ಟ' ಎಂದರೆ ಕಥೆ. 'ಸಮಾವೇಶ' ಎಂದೊಡನೆ ಕನ್ನಡಿಗರ ಕಣ್ಣಮುಂದೆ ಮೈದಾನವೂ ಧ್ವನಿವರ್ಧಕವೂ ಬರುತ್ತವೆ. ಹೈದರಾಬಾದಿನಲ್ಲಿ ಹತ್ತು ಮಂದಿ ಒಂದು ಕೊಠಡಿಯಲ್ಲಿ ಕುಳಿತರೂ ಅದು 'ಸಮಾವೇಶಂ'. ಚೆನ್ನೈನಲ್ಲಿ 'ಸಭಾ' ಎಂದರೆ ಸಂಗೀತ ಕಚೇರಿಗಳನ್ನು ಏರ್ಪಡಿಸುವ ಸಂಸ್ಥೆಯೆಂದೇ ಅನೇಕರು ತಿಳಿಯುತ್ತಾರೆ.

ಇವೆಲ್ಲ ಪದಕುತೂಹಲದ ಮಾತುಗಳು. ಹೆಸರಿನೊಡನೆ ಅಧಿಕಾರದ ಪ್ರಶ್ನೆ ಸೇರಿಕೊಂಡಾಗ ವಿಷಯ ಗಂಭೀರವಾಗುತ್ತದೆ. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ಇತಿಹಾಸ ಇದಕ್ಕೆ ಉತ್ತಮ ನಿದರ್ಶನ. ಮದರಾಸು ಪ್ರಾಂತದ ಸೇವೆಯಿಂದ ಬಂದು ಮೈಸೂರಿನ ದಿವಾನರಾದ ರಂಗಾಚಾರ್ಲು ಅವರು 1881ರ ಅಕ್ಟೋಬರ್ 7ರಂದು ಈ ಸಭೆಯನ್ನು ಮೊದಲ ಬಾರಿಗೆ ಸೇರಿಸಿದರು. 144 ಸದಸ್ಯರು ಬಂದಿದ್ದರು. ದಿವಾನರು ರಾಜ್ಯದ ಆದಾಯ, ವೆಚ್ಚ ಮತ್ತು ಕಾರ್ಯಗಳ ವರದಿಯನ್ನು ಮಂಡಿಸುವರು. ಸದಸ್ಯರು ತಮ್ಮ ತಾಲ್ಲೂಕಿನ ಕುಂದುಕೊರತೆಗಳನ್ನು ಅರಿಕೆಮಾಡಿಕೊಳ್ಳುವರು. ಅಷ್ಟೇ. ಹೆಸರಿನಲ್ಲಿ 'ಪ್ರತಿನಿಧಿ' ಎಂಬ ಶಬ್ದವಿದ್ದರೂ ಚುನಾವಣೆಯ ಪದ್ಧತಿ ಬಂದದ್ದು ಸುಮಾರು ಹತ್ತು ವರ್ಷಗಳ ಅನಂತರ. ಕಾನೂನಿನ ಆಧಾರ ದೊರೆತು, ಹೊಸ ತೆರಿಗೆ ವಿಧಿಸುವ ಮುನ್ನ ಈ ಸಭೆಯ ಅಭಿಪ್ರಾಯ ಪಡೆಯತಕ್ಕದ್ದೆಂಬ ನಿಯಮವಾದದ್ದು 1923ರಲ್ಲಿ. ಹೆಸರು ಸೂಚಿಸಿದ್ದನ್ನು ಹಕ್ಕು ತಲಪಲು 42 ವರ್ಷಗಳು ಹಿಡಿದವು. ಅದೂ ಪೂರ್ಣವಾಗಿ ಅಲ್ಲ. ಆದಾಗ್ಯೂ ದೊರೆಯ ದಿವಾನನು ರೈತರ ಮುಂದೆ ನಿಂತು ಲೆಕ್ಕ ಒಪ್ಪಿಸಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯೇನಲ್ಲ.

ಇಂದಿನ ಗ್ರಾಮಸಭೆಯ ಸ್ಥಿತಿ ಇದಕ್ಕೆ ವಿರುದ್ಧವಾದುದು. ಇಲ್ಲಿ ಹಕ್ಕು ಮೊದಲೇ ದೊರೆತಿದೆ. ಹೆಸರಿನ ಅರ್ಥ ಮಾತ್ರ ಎಲ್ಲರಿಗೂ ತಿಳಿದಿಲ್ಲ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯ ಮೇರೆಗೆ, ಗ್ರಾಮದ ಮತದಾರರ ಪಟ್ಟಿಯಲ್ಲಿ ಹೆಸರುಳ್ಳ ಎಲ್ಲರೂ ಕೂಡಿ ಆಗುವ ಸಂಸ್ಥೆಯೇ ಗ್ರಾಮಸಭೆ. ಯಾರೂ ಮನೆಗೆ ಬಂದು ಕರೆಯದಿದ್ದರೂ ಮತದಾರರು ಅದರ ಸದಸ್ಯರೇ. ಪಂಚಾಯಿತಿಯ ಸಭೆ ಬೇರೆ, ಅದು ಚುನಾಯಿತರಾದವರದು. ಈ ಎರಡನ್ನೂ ಒಂದೆಂದು ಭಾವಿಸಿ, 'ಅದು ದೊಡ್ಡವರ ಸಭೆ' ಎಂದು ಮನೆಯಲ್ಲೇ ಉಳಿಯುವ ಕೂಲಿಕಾರರೂ ಗೃಹಿಣಿಯರೂ ತಮಗರಿಯದಂತೆಯೇ ತಮ್ಮ ಸ್ಥಾನವನ್ನು ಇತರರಿಗೆ ಬಿಟ್ಟುಕೊಡುತ್ತಾರೆ. ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ, ಸಾಂಗಲಿ ಜಿಲ್ಲೆಯ ಜತ್ತ ಮೊದಲಾದ ತಾಲ್ಲೂಕುಗಳ ಕನ್ನಡಿಗರಿಗೂ ಇದೇ ಮಾತು ಅನ್ವಯಿಸುತ್ತದೆ. ಮರಾಠಿಯಲ್ಲಿಯೂ ಅದು ಗ್ರಾಮಸಭೆಯೇ.

ಅರಣ್ಯ ಹಕ್ಕುಗಳ ಕುರಿತ 2006ರ ಅಧಿನಿಯಮದಲ್ಲಿ ಗ್ರಾಮಸಭೆಗೆ ಇನ್ನೂ ಹೆಚ್ಚಿನ ಹೊಣೆಯಿದೆ. ಅಲ್ಲಿ ಗ್ರಾಮದ ವಯಸ್ಕರೆಲ್ಲರೂ ಸದಸ್ಯರು. ಹಕ್ಕುಸಾಧನೆಯ ಅರ್ಜಿಗಳ ವಿಚಾರ ಆರಂಭವಾಗುವುದೇ ಈ ಸಭೆಯಲ್ಲಿ. 2012ರಲ್ಲಿ ತಿದ್ದುಪಡಿಯಾದ ನಿಯಮಗಳ ಪ್ರಕಾರ ಕನಿಷ್ಠ ಅರ್ಧದಷ್ಟು ಸದಸ್ಯರು ಹಾಜರಿರಬೇಕು. ಹಾಜರಾದವರಲ್ಲಿ ಮೂರರಲ್ಲಿ ಒಂದು ಭಾಗ ಮಹಿಳೆಯರಿರಬೇಕು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿಗಾರಿಕೆಯ ಪ್ರಸ್ತಾಪವಿದ್ದಾಗ, ಸರ್ವೋಚ್ಚ ನ್ಯಾಯಾಲಯವು 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಅಲ್ಲಿನವರ ಹಕ್ಕುಗಳ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಡಲು ಸೂಚಿಸಿತು. ಅದೇ ವರ್ಷ 12 ಗ್ರಾಮಸಭೆಗಳು ಸೇರಿದವು. ಹನ್ನೆರಡೂ ಪ್ರಸ್ತಾಪವನ್ನು ತಿರಸ್ಕರಿಸಿದವು. ಮರುವರ್ಷ ಕೇಂದ್ರ ಪರಿಸರ ಸಚಿವಾಲಯವು ಅನುಮತಿಯನ್ನು ನಿರಾಕರಿಸಿತು.

ಇದರೊಡನೆ ಹೋಲಿಸಿ ನೋಡಬೇಕಾದುದು ಅಹವಾಲು ಸಭೆ. ದೊಡ್ಡ ಕಾರ್ಖಾನೆ ಅಥವಾ ಗಣಿಯ ಯೋಜನೆಗೆ ಪರಿಸರ ಅನುಮತಿ ನೀಡುವ ಮುನ್ನ, 2006ರ ಅಧಿಸೂಚನೆಯ ಅನುಸಾರ, ಸ್ಥಳೀಯರ ಅಭಿಪ್ರಾಯಗಳನ್ನು ಆಲಿಸಲು ಏರ್ಪಡಿಸುವ ಸಭೆಯಿದು. ನೋಡುವುದಕ್ಕೆ ಶಾಮಿಯಾನವೂ ಅದೇ, ಕುರ್ಚಿಗಳೂ ಅವೇ, ಜನರೂ ಅವರೇ. ಆದರೆ ಇಲ್ಲಿ ಕೋರಂ ಅಗತ್ಯವಿಲ್ಲ, ಮತದಾನವೂ ಇಲ್ಲ. ಹತ್ತು ಮಂದಿ ಬಂದರೂ ಸಭೆ ನಡೆದಂತೆಯೇ ಸರಿ. 'ಎಲ್ಲರೂ ಬೇಡವೆಂದೆವು, ಆದರೂ ಅನುಮತಿ ಸಿಕ್ಕಿತು' ಎಂಬ ಕೊರಗು ಹುಟ್ಟುವುದು ಅಹವಾಲು ಸಭೆಯನ್ನು ಗ್ರಾಮಸಭೆಯೆಂದು ನಂಬಿದಲ್ಲಿ. ಭಾಷೆಗಳು ಈ ವಿಷಯದಲ್ಲಿ ಮರೆಮಾಚಿಲ್ಲ. ಮರಾಠಿಯ 'ಜನಸುನಾವಣಿ', ತೆಲುಗಿನ 'ಪ್ರಜಾಭಿಪ್ರಾಯ ಸೇಕರಣ', ತಮಿಳಿನ 'ಕರುತ್ತು ಕೇಟ್ಪು ಕೂಟ್ಟಂ' ಇವೆಲ್ಲವೂ ಕೇಳುವುದನ್ನೋ ಸಂಗ್ರಹಿಸುವುದನ್ನೋ ಹೇಳುತ್ತವೆಯೇ ಹೊರತು ತೀರ್ಮಾನಿಸುವುದನ್ನಲ್ಲ.

ಹಾಗೆಂದು ಈ ಸಭೆಗೆ ಹೋಗುವುದು ವ್ಯರ್ಥವಲ್ಲ. ಕನಿಷ್ಠ 30 ದಿನಗಳ ಮುಂಚಿತವಾಗಿ ಪ್ರಕಟಣೆ ಹೊರಡಬೇಕು. ಆಕ್ಷೇಪಣೆಗಳನ್ನು ಲಿಖಿತವಾಗಿಯೂ ಸಲ್ಲಿಸಬಹುದು. ಮುಕ್ತಾಯದಲ್ಲಿ ನಡವಳಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿ ವಿವರಿಸಿ ಸಭಿಕರ ಮುಂದೆ ಓದಿ ಹೇಳತಕ್ಕದ್ದು. ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿ ಸಹಿಮಾಡುವುದು ಅದಾದ ಮೇಲೆ. ಆಡಿದ ಮಾತು ದಾಖಲೆಯಲ್ಲಿ ಸೇರಿದೆಯೇ, ಇಲ್ಲವೇ ಎಂಬುದು ತಿಳಿಯುವುದು ಆಗಲೇ. ಆದರೆ ಅಷ್ಟು ಹೊತ್ತಿಗೆ ಬಹುಪಾಲು ಜನ ಎದ್ದು ಹೋಗಿರುತ್ತಾರೆ.